ಅಕ್ಕನ ಹೆಸರು ನಾನು ಕೇಳಲಿಲ್ಲ

ಧಾರವಾಡದ ನಮ್ಮ ಮಿಷನ್ ಶಾಲೆಯಲ್ಲಿ ನಾನು 1989ರಿಂದ 1992ರವರೆಗೆ ಓದಿದೆ. ಬೋರ್ಡಿಂಗಿನಲ್ಲೇ ಇದ್ದೆ. ಮ್ಯಾಗಜಿನ್‌ಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ಗ್ಯಾದರಿಂಗ್, ಕಬಡ್ಡಿ, ಕ್ರಿಸ್ಮಸ್ ಹಾಡು ಎಲ್ಲ ನೆನಪಾದವು. ಆದರೆ ಬರೆಯಲೇಬೇಕು ಅನಿಸಿದ್ದು ಅಡುಗೆಮನೆಯಲ್ಲಿ ಕೇಳಿದ ಒಂದು ಮಾತು.

ಹತ್ತನೇ ಕ್ಲಾಸಿನಲ್ಲಿ ನನ್ನನ್ನು ಮೆಸ್ ಸೆಕ್ರೆಟರಿ ಮಾಡಿದ್ದರು. ಪೇಟೆಗೆ ಹೋಗಿ ಕಿರಾಣಿ ತರುವುದು, ಲೆಕ್ಕ ಬರೆಯುವುದು ನನ್ನ ಕೆಲಸ. ಆಗ ನಾನು ಬಹಳ ಭಕ್ತಿಯ ಹುಡುಗ. ಕ್ವಾಯರ್‌ನಲ್ಲಿ ಹಾಡುತ್ತಿದ್ದೆ, ಬೆಳಿಗ್ಗೆ ಬೇಗ ಎದ್ದು ಪ್ರಾರ್ಥನೆ ಮಾಡುತ್ತಿದ್ದೆ, ದೇವರು ನನ್ನ ಜೊತೆ ಮಾತಾಡಬೇಕು ಅಂತ ನಿಜವಾಗಿ ಕಾಯುತ್ತಿದ್ದೆ. ಅದೇ ದಿನಗಳಲ್ಲಿ ಐದು ಕೇಜಿ ಶೇಂಗಾ ಎಣ್ಣೆ ಅಂತ ಬರೆದು ನಾಲ್ಕೂವರೆ ತರುತ್ತಿದ್ದೆ. ಉಳಿದ ದುಡ್ಡು ನನ್ನ ಟ್ರಂಕಿನಲ್ಲಿ. ಎರಡೂ ಒಟ್ಟಿಗೆ ಹೇಗೆ ನಡೆಯುತ್ತಿತ್ತು ಅಂತ ಈಗ ಯೋಚಿಸಿದರೆ ಸಂಕಟ ಆಗುತ್ತದೆ.

ರೊಟ್ಟಿ ಬಡಿಯುವ ಅಕ್ಕ ಒಂದು ದಿನ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದರು. “ಐದು ಕೇಜಿ ಎಣ್ಣಿ ಬಂತು ಅಂತಿ. ಡಬ್ಬಿ ಎತ್ತಿದ್ರ ಅಷ್ಟು ಇಲ್ಲ. ನನಗ ಓದಾಕ ಬರೂದಿಲ್ಲ ತಮ್ಮಾ, ಆದ್ರ ಈ ಕೈಗೆ ತೂಕ ಗೊತ್ತಾಗತೈತಿ. ಸಣ್ಣ ಹುಡುಗರ ಬಾಯಾಗಿಂದು ತಗೀಬ್ಯಾಡ” ಅಂದರು. ಮೆಲ್ಲಗೇ ಹೇಳಿದರು, ಬೇರೆ ಯಾರಿಗೂ ಕೇಳಿಸಲಿಲ್ಲ. ನಾನು “ನಿನ್ನ ಕೆಲಸ ನೀ ನೋಡ್ಕೋ” ಅಂದುಬಿಟ್ಟೆ. ತಾಯಿಯ ವಯಸ್ಸಿನ ಹೆಂಗಸಿಗೆ.

ನಮಗೆ ಸ್ಕ್ರಿಪ್ಚರ್ ಪೀರಿಯಡ್, ಅಂದರೆ ಬೈಬಲ್ ಪಾಠ, ತೆಗೆದುಕೊಳ್ಳುತ್ತಿದ್ದ ಮಾಸ್ತರರು ಕಥೆ ಹೇಳುವುದರಲ್ಲಿ ಗಟ್ಟಿಗರು. ದೇವದೂತ ಅಂದರೆ ರೆಕ್ಕೆಯೇ ನೆನಪಾಗಬಾರದು, ಹೀಬ್ರೂ ಭಾಷೆಯಲ್ಲೂ ಗ್ರೀಕ್‌ನಲ್ಲೂ ಆ ಪದಕ್ಕೆ ಸುದ್ದಿ ತರುವವನು ಅಂತಷ್ಟೇ ಅರ್ಥ, ಅಂಚೆಯವನ ಹಾಗೆ, ಅನ್ನುತ್ತಿದ್ದರು. ಸತ್ತು ಎದ್ದ ಯೇಸು ಇಬ್ಬರು ಶಿಷ್ಯರ ಜೊತೆ ನಡೆದ, ಜೆರುಸಲೇಮಿನಿಂದ ಎಮ್ಮಾಹು ಎಂಬ ಊರಿನ ದಾರಿ ಎಷ್ಟು ದೂರ ಅಂತ ಒಬ್ಬ ಕೇಳಿದಾಗ, ಸುಮಾರು 11 ಕಿಲೋಮೀಟರ್, ಇಲ್ಲಿಂದ ಹುಬ್ಬಳ್ಳಿಗೆ ಅರ್ಧ ದಾರಿ ಅಂದಿದ್ದರು. ಅಷ್ಟು ದೂರ ಜೊತೆಗೇ ನಡೆದರೂ ಶಿಷ್ಯರಿಗೆ ಯೇಸುವಿನ ಗುರುತು ಸಿಗಲಿಲ್ಲ. ರೊಟ್ಟಿ ಮುರಿದಾಗಷ್ಟೇ ಕಣ್ಣು ತೆರೆಯಿತು. ಆ ರೊಟ್ಟಿ ಜೋಳದ್ದೇ ಅಂತ ನಾವೆಲ್ಲ ಅಂದುಕೊಂಡಿದ್ದೆವು!

ಅಕ್ಕ ಮಾತಾಡಿ ಒಂದು ವಾರ ಆಗಿತ್ತೇನೋ, ಮಾಸ್ತರರು ಬೈಬಲಿನ ಬಿಳಾಮನ ಕಥೆ ತೆಗೆದರು. ಬಿಳಾಮ ಕತ್ತೆ ಹತ್ತಿ ಹೊರಟಿದ್ದ. ದಾರಿಗೆ ಅಡ್ಡ ನಿಂತ ದೂತನನ್ನು ಕತ್ತೆ ನೋಡಿತು, ದೊಡ್ಡ ದರ್ಶಕ ಅನ್ನಿಸಿಕೊಂಡ ಬಿಳಾಮ ನೋಡಲಿಲ್ಲ. ಮೂರು ಸಲ ಕತ್ತೆಯನ್ನು ಹೊಡೆದ. “ಯಾಕ ಹೊಡದಾ? ಕತ್ತಿ ತಪ್ಪು ಮಾಡಿತ್ತೇನು? ಅಂವಾ ಹೋಗಬೇಕಂದ ಕಡೆ ಅದು ಹೋಗಲಿಲ್ಲ, ಅಷ್ಟ” ಅಂದರು. ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ನನಗೆ ಕಿವಿ ಬಿಸಿಯಾಯಿತು. ನಾನು ಬೆಳಿಗ್ಗೆ ಮೊಣಕಾಲೂರಿ ಬೇಡಿದ್ದ ಉತ್ತರ ಅಡುಗೆಮನೆಯಲ್ಲಿ ಬಂದಿತ್ತು, ಹಿಟ್ಟಿನ ಕೈಯಲ್ಲಿ, ಓದಲು ಬಾರದವರ ಬಾಯಲ್ಲಿ.

ಅವತ್ತೇ ಸಂಜೆ ವಾರ್ಡನ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ನನ್ನ ಕೈಯಿಂದಲೇ ಲೆಕ್ಕ ತಿದ್ದಿಸಿ, ದುಡ್ಡು ಕಟ್ಟಿಸಿಕೊಂಡರು.

ಆಮೇಲೆ ಜೀವನದಲ್ಲಿ ದೇವರ ಹೆಸರು ಹೇಳಿಕೊಂಡು ಬಂದವರು ಬಹಳ ಜನ. ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಇದ್ದಾಗ ಒಬ್ಬರು ಮನೆಗೆ ಬಂದು, ನಿಮಗೆ ದೊಡ್ಡ ಆಶೀರ್ವಾದ ಕಾದಿದೆ, ದೇವರೇ ನನಗೆ ತೋರಿಸಿದ ಅಂದರು. ಕೇಳಲು ಎಷ್ಟು ಹಿತ ಅಲ್ವಾ? ಆಗ ನನಗೆ ಬೈಬಲಿನ ಸುಳ್ಳು ಪ್ರವಾದಿ ಹನನ್ಯ ನೆನಪಾದ. ಯೆಹೂದ್ಯರ ಮೇಲಿದ್ದ ಬಾಬೆಲ್ ರಾಜನ ನೊಗ ಎರಡೇ ವರ್ಷದಲ್ಲಿ ಮುರಿಯುತ್ತದೆ ಅಂತ ಅವನು ಗುಡಿಯಲ್ಲಿ ಎಲ್ಲರ ಮುಂದೆ ಸಾರಿದ. ನಿಜವಾದ ಪ್ರವಾದಿ ಯೆರೆಮೀಯ ಹೇಳಿದ್ದು 70 ವರ್ಷ. ಜನರಿಗೆ ಬೇಕಾಗಿದ್ದು ಎರಡು, ನಿಜವಾಗಿದ್ದು ಎಪ್ಪತ್ತು. ಹಾಗಂತ ಬೈದವರೆಲ್ಲ ದೇವರ ಕಡೆಯವರು ಅಂತಲೂ ಅಲ್ಲ. ಆತ್ಮಗಳನ್ನು, ಅಂದರೆ ದೇವರ ಮಾತು ಅಂತ ಬರುವುದನ್ನು, ಪರೀಕ್ಷಿಸಿ ನೋಡಿ ಅಂತ ಬೈಬಲಿನಲ್ಲಿ ಯೋಹಾನ ಬರೆದಿದ್ದಾನಲ್ಲ, ಅದನ್ನು ನಾನು ಹೀಗೆ ಮಾಡುತ್ತೇನೆ: ಈ ಮಾತಿನಿಂದ ಹೇಳಿದವರಿಗೆ ಏನು ಸಿಗುತ್ತದೆ ಅಂತ ನೋಡುತ್ತೇನೆ. ಅಕ್ಕನಿಗೆ ಏನೂ ಸಿಗುತ್ತಿರಲಿಲ್ಲ. ಕೆಲಸ ಹೋಗುವ ಭಯ ಇತ್ತು, ಅಷ್ಟೇ.

ಇನ್ನೊಂದು ಮಾತು. 1837ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದಿದ್ದು ಸುವಾರ್ತೆ ಹೇಳಲು. ಅದೇ ಮಿಷನ್ನಿನ ಕಿಟೆಲ್ ಬಂದಿದ್ದು 1853ರಲ್ಲಿ. ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ, ಅಂದರೆ 41 ವರ್ಷದ ಮೇಲೆ. ಹೇಳಲು ಬಂದವರು ಅಷ್ಟು ವರ್ಷ ನಮ್ಮ ಜನರ ಮಾತಿಗೆ ಕಿವಿಗೊಟ್ಟರು. ನನಗೆ ಅದು ತುಂಬಾ ದೊಡ್ಡದು ಅನಿಸುತ್ತದೆ.

ಅಕ್ಕನಿಗೆ ನಾನು ಕ್ಷಮೆ ಕೇಳಿದೆ. “ಆತು ಬಿಡು, ಊಟಕ್ಕ ಕುಂದ್ರು” ಅಂದರು. ಎಷ್ಟೋ ವರ್ಷದ ಮೇಲೆ ಹೋದಾಗ ಅವರು ಕೆಲಸ ಬಿಟ್ಟು ರೋಣದ ಕಡೆ ಮಗಳ ಊರಿಗೆ ಹೋಗಿದ್ದರು. ಬೈಬಲಿನಲ್ಲಿ ಸಂಸೋನನ ಅಪ್ಪ ಮಾನೋಹ, ಮಗ ಹುಟ್ಟುವ ಸುದ್ದಿ ತಂದ ದೂತನಿಗೆ ನಿನ್ನ ಹೆಸರೇನು ಅಂತ ಕೇಳಿದ್ದ. ಮೂರು ವರ್ಷ ಅವರ ಕೈಯ ರೊಟ್ಟಿ ತಿಂದ ನಾನು ಅಷ್ಟನ್ನೂ ಕೇಳಿರಲಿಲ್ಲ. ನಮಗೆಲ್ಲ ಅವರು ಬರೀ ಅಕ್ಕ. ಆ ವರ್ಷಗಳಲ್ಲಿ ಬೋರ್ಡಿಂಗಿನಲ್ಲಿ ಇದ್ದವರು ಯಾರಾದರೂ ಇದನ್ನು ಓದಿದರೆ, ಅವರ ಹೆಸರು, ಊರು ಗೊತ್ತಿದ್ದರೆ, ದಯವಿಟ್ಟು ಶಾಲೆಯ ಆಫೀಸಿಗೆ ತಿಳಿಸಿ. ನಾನು ಅಲ್ಲಿಂದ ಕೇಳಿ ತಿಳಿದುಕೊಳ್ಳುತ್ತೇನೆ.