ಮೆಟ್ಟಿಲ ಕೆಳಗೆ ಪಟ್ಟದ ಗೊಂಬೆ

ಗೊಂಬೆ ಕೂರಿಸಿ ಐದನೇ ದಿನ, ಸೋಮವಾರ. 2024ರ ಅಕ್ಟೋಬರ್ 7. ಹಿಂದಿನ ರಾತ್ರಿ ಮಲಗುವಾಗ ಒಂದನೇ ದರ್ಜೆಯಲ್ಲಿದ್ದ ಮಿಲ್ಟನ್ ಚಂಡಮಾರುತ ಮಾರನೇ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲಕ್ಕಿಂತ ಮೇಲಿನ ಐದನೇ ದರ್ಜೆಗೆ ಏರಿ ಕೂತಿತ್ತು. ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಮಗಳು ಫೋನ್ ಹಿಡಿದು ಓಡಿ ಬಂದಳು. ಪರದೆಯ ಮೇಲೆ ಮಯಾಮಿಯ ಹವಾಮಾನ ತಜ್ಞ ಜಾನ್ ಮೊರಾಲೆಸ್. ಹತ್ತು ಗಂಟೆಯಲ್ಲಿ ಒತ್ತಡ ಐವತ್ತು ಮಿಲಿಬಾರ್ ಕುಸಿದಿದೆ ಎಂದು ಹೇಳುತ್ತಾ ಹೇಳುತ್ತಾ ಆ ಮನುಷ್ಯನ ಗಂಟಲು ಕಟ್ಟಿತು. ಕ್ಷಮೆ ಕೇಳಿದರು. ಸಾಸಿವೆ ಸೀದು ಹೋಯಿತು.

ಮಿಲಿಬಾರ್ ಎಂದರೇನು, ಗಾಳಿಯ ಒತ್ತಡ ಕುಸಿದಷ್ಟೂ ಚಂಡಮಾರುತ ಬಲಿಯುತ್ತದೆ ಅಂತ ನಮ್ಮ ಬೀದಿಯಲ್ಲಿ ಹತ್ತು ಮನೆಗೂ ಗೊತ್ತಿರಲಿಕ್ಕಿಲ್ಲ. ದಶಕಗಳಿಂದ ಇದನ್ನೇ ನೋಡಿದವರೊಬ್ಬರು ಅತ್ತದ್ದು ಎಲ್ಲರಿಗೂ ಅರ್ಥವಾಯಿತು. ಸಂಜೆಯ ಹೊತ್ತಿಗೆ ನಾವಿರುವ ಫ್ಲೋರಿಡಾದ ಟ್ಯಾಂಪಾದ ಮೇಯರ್ ಜೇನ್ ಕ್ಯಾಸ್ಟರ್ ಟಿವಿಯಲ್ಲಿ ಕೂತು, ತೆರವಿಗೆ ಹೇಳಿದ ಪ್ರದೇಶದಲ್ಲಿ ಉಳಿದರೆ ನೀವು ಸಾಯ್ತೀರಿ ಎಂದು ಸುತ್ತು ಬಳಸದೆ ಹೇಳಿಬಿಟ್ಟರು. ನಮ್ಮ ಕಡೆ ಸಾವನ್ನು ಹೀಗೆ ಮುಖಕ್ಕೆ ಹೇಳುವವರಿಲ್ಲ. ಅತ್ತೆ ಕಿವಿ ಮುಚ್ಚಿಕೊಂಡರು. "ಬಿಡ್ತು ಅನ್ನು ಅಂತ ಅವಳಿಗೆ ಹೇಳೋರು ಯಾರೂ ಇಲ್ವೇನೇ ಮಾರಾಯ್ತಿ?"

ಅತ್ತೆ ಸಾಗರದಿಂದ ಬಂದು ನಾಲ್ಕು ತಿಂಗಳಾಗಿತ್ತು. ಬರುವಾಗ ಬಟ್ಟೆಗಿಂತ ಹೆಚ್ಚಾಗಿ ಗೊಂಬೆಗಳನ್ನೇ ತಂದಿದ್ದರು. ಮೂರು ತಲೆಮಾರಿನ ಪಟ್ಟದ ಗೊಂಬೆ, ರಾಜ ಮತ್ತು ರಾಣಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಮಲಗಿ ಅಟ್ಲಾಂಟಿಕ್ ದಾಟಿದ್ದವು. ಈಗ ಅವು ಹಾಲ್‌ನಲ್ಲಿ ಐದು ಮೆಟ್ಟಿಲಿನ ತುದಿಯಲ್ಲಿ, ದೊಡ್ಡ ಗಾಜಿನ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದವು. ಮನೆಯಲ್ಲಿ ಬಿರುಗಾಳಿಗೆ ಅತ್ಯಂತ ಕೆಟ್ಟ ಜಾಗ ಅದೇ.

ಟ್ಯಾಂಪಾದಲ್ಲಿ ಇರುವವರಿಗೆ ಮನೆ ನಂಬರಿನ ಜೊತೆ ಇನ್ನೊಂದು ಅಕ್ಷರವೂ ಬಾಯಿಪಾಠ ಇರಬೇಕು. ಎ, ಬಿ, ಸಿ, ಡಿ, ಇ. ಸಮುದ್ರದ ನೀರು ಉಕ್ಕಿ ಬಂದರೆ ಯಾರು ಮೊದಲು ಮನೆ ಬಿಡಬೇಕು ಎಂಬ ಲೆಕ್ಕ ಅದು. ಈ ಸಲ ನಮ್ಮ ಹಿಲ್ಸ್‌ಬರೋ ಕೌಂಟಿಯಲ್ಲಿ ಎ ಮತ್ತು ಬಿ, ಪಕ್ಕದ ಪಿನೆಲಸ್‌ನಲ್ಲಿ ಎ, ಬಿ, ಸಿ, ಇದರ ಮೇಲೆ ಮೊಬೈಲ್ ಹೋಮ್ ಎಂಬ ಹಗುರ ಸಾಗಿಸುವ ಮನೆಗಳವರೆಲ್ಲ ಹೊರಡಬೇಕಿತ್ತು. ಊರಿನ ಉತ್ತರಕ್ಕೆ ಎತ್ತರದಲ್ಲಿರುವ ನಮ್ಮ ಬಡಾವಣೆಗೆ ಅಕ್ಷರವೇ ಇಲ್ಲ. ನೀರಿಗೆ ಓಡು, ಗಾಳಿಗೆ ಅಡಗು ಎನ್ನುವುದು ಇಲ್ಲಿಯವರು ಮಕ್ಕಳಿಗೂ ಹೇಳಿಕೊಡುವ ಮಾತು. ಆ ಲೆಕ್ಕದಲ್ಲಿ ನಾವು ಅಡಗಬೇಕಾದವರು. ಮನೆ 2006ರದು, ರಾಜ್ಯಕ್ಕೆಲ್ಲ ಒಂದೇ ಗಟ್ಟಿ ಕಟ್ಟಡ ನಿಯಮ ಬಂದಮೇಲೆ ಕಟ್ಟಿದ್ದು. ಉಳಿಯಬಹುದು.

ಆದರೆ ನಾವು ಉಳಿದದ್ದು ಈ ಲೆಕ್ಕದಿಂದ ಎಂದರೆ ಸುಳ್ಳಾಗುತ್ತದೆ. ಉಳಿದದ್ದು 2017ರ ಇರ್ಮಾ ಚಂಡಮಾರುತದಿಂದ. ಆಗ ಮಗಳಿಗೆ ನಾಲ್ಕು ವರ್ಷ. ಯಾರೂ ಹೋಗಿ ಅನ್ನದಿದ್ದರೂ ಹೆದರಿ ಅಟ್ಲಾಂಟಾಕ್ಕೆ ಹೊರಟಿದ್ದೆವು. ಏಳು ಗಂಟೆಯ ದಾರಿಗೆ ಹತ್ತೊಂಬತ್ತು ಗಂಟೆ ಹಿಡಿಯಿತು. ಇರ್ಮಾ ನಮ್ಮ ಹಿಂದೆಯೇ ಅಟ್ಲಾಂಟಾಕ್ಕೂ ಬಂತು, ಸ್ನೇಹಿತರ ಮನೆಯ ಕರೆಂಟು ಎರಡು ದಿನ ಹೋಯಿತು. ಟ್ಯಾಂಪಾದ ನಮ್ಮ ಮನೆಯಲ್ಲಿ ಫ್ರಿಜ್‌ನ ಐಸೂ ಕರಗಿರಲಿಲ್ಲ.

ಆ ವಾರ ಯಾರನ್ನು ಮಾತಾಡಿಸಿದರೂ ಹೀಗೇ. ಪ್ರತಿಯೊಬ್ಬರೂ ಹಿಂದಿನ ಯಾವುದೋ ಒಂದು ಚಂಡಮಾರುತಕ್ಕೆ ಉತ್ತರ ಕೊಡುತ್ತಿದ್ದರು. ಮಿಲ್ಟನ್ ಹೆಸರಿಗೆ ಮಾತ್ರ. ಎಂಬತ್ತು ದಾಟಿದ ಪಕ್ಕದ ಮನೆಯ ಅಜ್ಜಿ ಟ್ಯಾಂಪಾದಲ್ಲೇ ಹುಟ್ಟಿದವರು. ಅವರು ಬೆರಳು ಮಡಚಿ ಲೆಕ್ಕ ಕೊಟ್ಟರು: 2004ರಲ್ಲಿ ಚಾರ್ಲಿ ಇಲ್ಲಿಗೇ ಅಂದರು, ಪುಂಟಾ ಗೋರ್ಡಾಕ್ಕೆ ತಿರುಗಿತು. 2022ರಲ್ಲಿ ಇಯಾನ್ ಅಂದರು, ಫೋರ್ಟ್ ಮೈಯರ್ಸ್ ಕಡೆ ಹೋಯಿತು. ಟ್ಯಾಂಪಾಕ್ಕೆ ದೊಡ್ಡದು ನೇರವಾಗಿ ಬಡಿದದ್ದು 1921ರ ಅಕ್ಟೋಬರಿನಲ್ಲಿ. ಟೊಕೊಬಾಗಾ ಎಂಬ ಇಲ್ಲಿಯ ಮೂಲನಿವಾಸಿಗಳು ಕೊಲ್ಲಿಯ ದಂಡೆಗೆ ಕಟ್ಟಿದ ದಿಬ್ಬಗಳು ಊರನ್ನು ಕಾಯುತ್ತವೆ ಎಂದು ಹಳಬರು ನಂಬುತ್ತಾರೆ. ಅಜ್ಜಿಯೂ ನಂಬುತ್ತಾರೆ. ಇದನ್ನು ಅತ್ತೆಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, "ನಮ್ಮೂರ ಚೌಡಿ ಕಟ್ಟೆ ಇದ್ದ ಹಾಗೆ" ಎಂದು ತಲೆದೂಗಿದರು.

ದಿಬ್ಬದ ಕಥೆಯನ್ನು ಈ ಸಲ ಬಾಯ್ಬಿಟ್ಟು ಹೇಳುವವರು ಕಡಿಮೆ ಇದ್ದರು, ಅದಕ್ಕೆ ಹೆಲೀನ್ ಚಂಡಮಾರುತ ಕಾರಣ. ಎರಡು ವಾರದ ಹಿಂದೆ, ಸೆಪ್ಟೆಂಬರ್ 26ಕ್ಕೆ, ಅದು ನೂರು ಮೈಲಿಯಾಚೆಯಿಂದಲೇ ಹಾದುಹೋಗುತ್ತಾ ಕೊಲ್ಲಿಯೊಳಗೆ ಆರಡಿ ನೀರು ನುಗ್ಗಿಸಿತ್ತು. ಕೊಲ್ಲಿಯಾಚೆಯ ಸೇಂಟ್ ಪೀಟರ್ಸ್‌ಬರ್ಗ್‌ನ ತಗ್ಗಿನ ಬೀದಿಗಳಲ್ಲಿ ಮನೆಮನೆಯ ಮುಂದೆ ಆಳೆತ್ತರದ ರಾಶಿ ಬಿದ್ದಿತ್ತು: ಹಾಸಿಗೆ, ಸೋಫಾ, ನೆನೆದ ಗೋಡೆಯ ಹಲಗೆ, ಫ್ರಿಜ್ಜು. ಮಿಲ್ಟನ್ ಗಾಳಿಗೆ ಇವೆಲ್ಲ ಹಾರಿ ಬಂದು ಬಡಿದರೆ ಎಂಬ ಭಯಕ್ಕೆ ಗವರ್ನರ್ ಆದೇಶ ಹೊರಡಿಸಿ ಲಾರಿಗಳು ಹಗಲೂ ರಾತ್ರಿ ಕಸ ಸಾಗಿಸಿದವು. ಸಾಗಿಸಿದಷ್ಟೂ ಉಳಿದಿತ್ತು.

ಆ ರಾಶಿಗಳಲ್ಲೊಂದು ಹುಬ್ಬಳ್ಳಿಯ ನಮ್ಮ ಸ್ನೇಹಿತರದು. ಮಂಗಳವಾರ ಬೆಳಿಗ್ಗೆ ಗಂಡ ಹೆಂಡತಿ ಎರಡು ಸೂಟ್‌ಕೇಸ್ ಹಿಡಿದು ನಮ್ಮ ಮನೆಗೆ ಬಂದರು. ಅವರ ಮನೆಯೊಳಗೆ ಹೆಲೀನ್ ನೀರು ಮೂರಡಿ ನಿಂತಿತ್ತು. ಏನಾದರೂ ಉಳಿದದ್ದನ್ನು ತರಬೇಕಿತ್ತಾ ಎಂದು ನಮ್ಮ ಇವರು ಕೇಳಿದರೆ, "ಇನ್ನ ಹೋಗಾಕ ಏನ್ ಉಳದೈತ್ರಿ" ಎಂದು ನಕ್ಕರು. ಅವರ ಹೆಂಡತಿ ನಗಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಹೇಳಿದರು: ರಾಶಿಯ ಮೇಲೆ ಮಾವನವರ ಹಾರ್ಮೋನಿಯಂ ಇದೆ. ಉಪ್ಪು ನೀರು ಕುಡಿದು ತಿದಿ ಉಬ್ಬಿಹೋಗಿದೆ. ಎಸೆಯೋಕೂ ಆಗದು, ಒಳಗೆ ತರೋಕೂ ಆಗದು, ನಾಲ್ಕು ದಿನದಿಂದ ಅದನ್ನು ರಾಶಿಯ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಇಡುತ್ತಿದ್ದಾರೆ.

ಅಂಗಡಿಯ ಕಥೆ ಹೇಳದಿದ್ದರೆ ಆಗದು. ಸೋಮವಾರ ಸಂಜೆ ಪಬ್ಲಿಕ್ಸ್‌ನಲ್ಲಿ ಕುಡಿಯುವ ನೀರಿನ ಸಾಲು ಬೋಳಾಗಿತ್ತು, ಬ್ರೆಡ್ಡಿಲ್ಲ, ಬ್ಯಾಟರಿ ಇಲ್ಲ. ತೆಂಗಿನಕಾಯಿ ಸುವಾಸನೆಯ ಗ್ಯಾಸ್ ನೀರನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ನಮ್ಮ ಇಂಡಿಯನ್ ಅಂಗಡಿಯಲ್ಲಿ ಮ್ಯಾಗಿ ಖಾಲಿ, ಅವಲಕ್ಕಿ ಖಾಲಿ, ಕುರುಕಲು ತಿಂಡಿ ಖಾಲಿ. ಹಾಗಲಕಾಯಿ ಬುಟ್ಟಿ ಮಾತ್ರ ತುಂಬಿ ತುಳುಕುತ್ತಿತ್ತು. ಅತ್ತೆ ಕಣ್ಣರಳಿಸಿ ಮೂರು ಪೌಂಡ್ ತೂಗಿಸಿದರು. "ಪ್ರಳಯ ಬಂದ್ರೂ ಹಾಗಲಕಾಯಿ ಕೇಳೋರಿಲ್ಲ ನೋಡು!" ಹುಣಿಸೆಹುಳಿ, ಬೆಲ್ಲ ಹಾಕಿ ಎಣ್ಣೆ ಬಿಡುವ ತನಕ ಕುದಿಸಿದ ಗೊಜ್ಜು ಫ್ರಿಜ್ ಇಲ್ಲದೆ ವಾರ ಇರುತ್ತದೆ ಎಂಬುದು ಅಲ್ಲಿದ್ದ ನೂರು ಜನರಲ್ಲಿ ಅವರೊಬ್ಬರಿಗೇ ಹೊಳೆದದ್ದು. ಮಲೆನಾಡಿನವರು ಪ್ರತಿ ವರ್ಷ ಮೇ ತಿಂಗಳಲ್ಲಿ ಮಾಡುವುದೂ ಇದೇ ತಾನೆ. ಸೌದೆ ಒಟ್ಟಿ, ಹಪ್ಪಳ ಒಣಗಿಸಿ, ಉಪ್ಪಿನಕಾಯಿ ಭರಣಿ ಕಟ್ಟಿ ಮಳೆಗೆ ಕಾಯುವುದು. ಮನೆಗೆ ಬಂದವರೇ ಬಾತ್‌ಟಬ್ಬಿನಿಂದ ಹಿಡಿದು ಇಡ್ಲಿ ಪಾತ್ರೆಯವರೆಗೆ ನೀರು ಹಿಡಿದಿಟ್ಟರು.

ಪೆಟ್ರೋಲ್ ಬಂಕಿನದು ಬೇರೆಯೇ ಅವಸ್ಥೆ. ಫ್ಲೋರಿಡಾಕ್ಕೆ ಪೈಪ್‌ಲೈನಿಗಿಂತ ಹಡಗಿನಲ್ಲೇ ಹೆಚ್ಚು ಇಂಧನ ಬರುವುದು. ಬಂದರು ಮುಚ್ಚಿತೆಂದರೆ ಮುಗಿಯಿತು. ಬುಧವಾರದ ಹೊತ್ತಿಗೆ ನಮ್ಮ ಸುತ್ತ ಅರ್ಧಕ್ಕೂ ಹೆಚ್ಚು ಬಂಕುಗಳ ಪಂಪಿಗೆ ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಹೋಗಬೇಕಾದವರು ಎಣ್ಣೆ ಇಲ್ಲದೆ ನಿಂತರು, ಹೋಗಬೇಕಿಲ್ಲದ ನಮ್ಮಂಥವರು ಟ್ಯಾಂಕ್ ತುಂಬಿಸಿಕೊಂಡು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡಿದ್ದೆವು. ಹೌದು, ನಾನೂ ನಲವತ್ತು ನಿಮಿಷ ಸಾಲಿನಲ್ಲಿ ನಿಂತು ಹಾಕಿಸಿದವಳೇ.

ಊರಿನಿಂದ ಫೋನು ನಿಲ್ಲಲಿಲ್ಲ. ಸಾಗರದಲ್ಲಿ ಭಾವನವರು ಟಿವಿಯಲ್ಲಿ ಆ ಬಿಳಿ ಕೋನ ನೋಡಿದ್ದರು. "ಇಡೀ ಫ್ಲೋರಿಡಾ ಮುಚ್ಚಿ ಹೋಗಿದೆಯಲ್ಲ, ಇನ್ನೂ ಅಲ್ಲೇ ಕೂತಿದೀರಾ? ಸಿಕ್ಕಿದ ವಿಮಾನ ಹತ್ತಿ." ಕೋನ ಚಂಡಮಾರುತದ ಗಾತ್ರ ಅಲ್ಲ ಭಾವ, ಅದರ ಕಣ್ಣು ಎಲ್ಲೆಲ್ಲಿ ಹಾಯಬಹುದು ಅನ್ನೋ ಅಂದಾಜು, ಮೂರರಲ್ಲಿ ಎರಡು ಸಲ ಆ ಕೋನದೊಳಗೇ ಇರತ್ತೆ ಅಂದೆ. "ಮತ್ತೆ ಮೂರನೇ ಸಲ?" ಅಂದರು. ಉತ್ತರ ಇರಲಿಲ್ಲ. ವಿಮಾನ ನಿಲ್ದಾಣವಂತೂ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೇ ಮುಚ್ಚಿಯಾಗಿತ್ತು.

ಅಂದಹಾಗೆ ನಮ್ಮ ಇವರ ಬಾಸ್, ಬೇರೆ ರಾಜ್ಯದಲ್ಲಿ ಕೂತವರು, ಬುಧವಾರ ಮಧ್ಯಾಹ್ನದ ಮೀಟಿಂಗಿಗೆ ಬರ್ತೀಯಲ್ಲ ಎಂದು ಕೇಳಿದ್ದರು. ಕರೆಂಟಿದ್ದರೆ ಬರ್ತೀನಿ ಎಂದು ಇವರೂ ಅಂದರು. ಭಯಕ್ಕೆ ಎಷ್ಟು ಮುಖ ನೋಡಿ.

ಎಲ್ಲ ತಯಾರಾದ ಮೇಲೆ ಉಳಿದದ್ದು ಗೊಂಬೆ. ಇಳಿಸಿ ಪೆಟ್ಟಿಗೆಗೆ ಹಾಕೋಣ ಅಂದೆ. ಅತ್ತೆ ಒಪ್ಪಲಿಲ್ಲ. ಕೂರಿಸಿದ ಗೊಂಬೆಯನ್ನು ವಿಜಯದಶಮಿಗೆ ಮುಂಚೆ ಮಲಗಿಸುವ ಹಾಗಿಲ್ಲ. ಗಾಜು ಒಡೆದರೆ ಅಂದೆ. ಸುಮ್ಮನಾದರು. ಮಹಡಿ ಮೆಟ್ಟಿಲ ಕೆಳಗೆ ಒಂದು ಸಣ್ಣ ಉಗ್ರಾಣ ಇದೆ, ಕಿಟಕಿ ಇಲ್ಲದ್ದು. ಗಾಳಿ ಜೋರಾದರೆ ನಾವೆಲ್ಲ ಸೇರಬೇಕಾದ ಜಾಗ ಅದೇ. ಅತ್ತೆ ಒಳಹೊಕ್ಕು ಅಳತೆ ನೋಡಿ ಬಂದು, "ಮಲಗಿಸೋದು ಬೇಡ. ಇಲ್ಲೇ ಕೂರಿಸಿದ್ರಾಯ್ತು" ಅಂದರು. ವ್ಯಾಕ್ಯೂಮ್ ಕ್ಲೀನರ್ ಹೊರಬಂತು. ರಾಜ ರಾಣಿ, ದಶಾವತಾರ, ಚನ್ನಪಟ್ಟಣದ ಮದುವೆ ದಿಬ್ಬಣ ಒಂದೊಂದಾಗಿ ಒಳಗೆ ಹೋದವು. ಶೆಟ್ಟರ ಅಂಗಡಿಯ ದಂಪತಿಗೆ ಜಾಗ ಸಾಲದೆ ಮಗಳ ಸೈಕಲ್ ಹೆಲ್ಮೆಟ್ಟಿನೊಳಗೆ ಕೂತರು.

ಬುಧವಾರ ಮಧ್ಯಾಹ್ನ, ಮಿಲ್ಟನ್ ಇನ್ನೂ ಸಮುದ್ರದಲ್ಲಿರುವಾಗಲೇ, ರಾಜ್ಯದ ಇನ್ನೊಂದು ಮಗ್ಗುಲಿನಿಂದ ಸುದ್ದಿ ಬಂತು. ಪೂರ್ವ ಕರಾವಳಿಯಲ್ಲಿ ಸುಂಟರಗಾಳಿಗಳು. ಸೇಂಟ್ ಲೂಸಿ ಕೌಂಟಿಯಲ್ಲಿ ವಯಸ್ಸಾದವರೇ ಇದ್ದ ಮೊಬೈಲ್ ಹೋಮ್ ಬಡಾವಣೆಯೊಂದರಲ್ಲಿ ಆರು ಜನ ಹೋದರು. ನಮ್ಮ ಎದುರು ಮನೆಯವರು ಅಡಗಿಕೊಳ್ಳಲು ಹೋಗಿದ್ದು ಅದೇ ಕಡೆಯ ನೆಂಟರ ಮನೆಗೆ. ರಾತ್ರಿ ಮೆಸೇಜ್ ಬಂತು, ಬಾತ್‌ಟಬ್ಬಿನಲ್ಲಿ ನಾಲ್ವರೂ ಒಬ್ಬರ ಮೇಲೊಬ್ಬರು ಮಲಗಿ ಉಳಿದಿದ್ದರು.

ಏಳು ಗಂಟೆಗೆ ಪಕ್ಕದ ಅಜ್ಜಿಯನ್ನು ಕರೆತಂದೆವು. ದಿಬ್ಬ ಕಾಯುತ್ತದೆ ಅಂದವರು ಬೆಕ್ಕಿನ ಬುಟ್ಟಿ ಹಿಡಿದು ತಯಾರಾಗಿ ಬಾಗಿಲಲ್ಲೇ ನಿಂತಿದ್ದರು. ಎಂಟೂವರೆಗೆ ಮಿಲ್ಟನ್ ಸಿಯೆಸ್ಟಾ ಕೀ ಬಳಿ ನೆಲ ಮುಟ್ಟಿತು, ಮೂರನೇ ದರ್ಜೆಗೆ ಇಳಿದು. ನಮ್ಮ ಕರೆಂಟು ಹೋದದ್ದು ಹತ್ತಕ್ಕೆ. ಆಮೇಲಿನ ನಾಲ್ಕು ಗಂಟೆ ಏಳು ಜನ, ಒಂದು ಬೆಕ್ಕು, ಮೂವತ್ತೆರಡು ಗೊಂಬೆ ಆ ಉಗ್ರಾಣದಲ್ಲಿ. ಗಾಳಿಯ ಸದ್ದನ್ನು ಎಲ್ಲರೂ ರೈಲಿಗೆ ಹೋಲಿಸುತ್ತಾರೆ. ನನಗೆ ಕೇಳಿದ್ದು ಮನೆಯ ಸದ್ದು, ಹಳೇ ಮಂಚದ ಹಾಗೆ ಚಾವಣಿ ಕಿರುಗುಟ್ಟುವುದು. ಅಜ್ಜಿ ರಾಣಿ ಗೊಂಬೆಯನ್ನು ಟಾರ್ಚ್ ಬೆಳಕಿನಲ್ಲಿ ನೋಡುತ್ತಾ ಇವರ್ಯಾರು ಎಂದು ಕೇಳಿದರು. ಅತ್ತೆ ಕನ್ನಡದಲ್ಲೇ ವಂಶಾವಳಿ ಶುರುಮಾಡಿದರು. ಅಜ್ಜಿ ಕೇಳಿಸಿಕೊಂಡೇ ಕೇಳಿಸಿಕೊಂಡರು. ಒಂದು ಗಂಟೆ ಸುಮಾರಿಗೆ ನೆಲ ದಡ್ ಎಂದು ಅದುರಿತು. ಹಿತ್ತಲಿನ ಓಕ್ ಮರ. ಬಿದ್ದದ್ದು ಬೇಲಿಯ ಕಡೆಗೆ.

ಬೆಳಿಗ್ಗೆ ಗೊತ್ತಾಯಿತು. ಕೊಲ್ಲಿಗೆ 10ರಿಂದ 15 ಅಡಿ ಎಂದು ಹೆದರಿಸಿದ್ದ ನೀರು ಬರಲೇ ಇಲ್ಲ. ಕಣ್ಣು ಊರಿನ ದಕ್ಷಿಣಕ್ಕೆ ಹಾದದ್ದರಿಂದ ಗಾಳಿ ಒಳನಾಡಿನಿಂದ ಸಮುದ್ರದ ಕಡೆಗೆ ಬೀಸಿ, ಟ್ಯಾಂಪಾ ಕೊಲ್ಲಿಯ ನೀರನ್ನೇ ಹೊರಗೆ ಎಳೆದೊಯ್ದಿತ್ತು. ರಾತ್ರಿ ದಂಡೆಯಲ್ಲಿ ಕೆಸರು ಕಂಡಿತ್ತಂತೆ. ಆ ನೀರು ದಕ್ಷಿಣದ ಸಾರಸೋಟಾದ ಕಡೆಯವರ ಪಾಲಿಗೆ ಹೋಯಿತು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚು ಮಳೆ, ಕಟ್ಟಡದ ಮೇಲೆ ಬಿದ್ದ ಕ್ರೇನು, ಟ್ರಾಪಿಕಾನಾ ಬೇಸ್‌ಬಾಲ್ ಕ್ರೀಡಾಂಗಣದ ಹರಿದ ಚಾವಣಿ. ಮಧ್ಯಾಹ್ನದ ಹೊತ್ತಿಗೇ ಶುರುವಾಯಿತು: ಸುಮ್ಮನೆ ಹೆದರಿಸಿದರು, ಮೇಯರ್ ಅತಿಯಾಗಿ ಆಡಿದರು. ಕೆಲವೇ ಮೈಲಿ ಉತ್ತರಕ್ಕೆ ಸರಿದಿದ್ದರೆ ಹೀಗೆ ಮಾತಾಡಲು ಎಷ್ಟು ಜನ ಉಳಿಯುತ್ತಿದ್ದರೋ. ಮುಂದಿನ ಸಲ ಇವರೆಲ್ಲ ಮಿಲ್ಟನ್‌ಗೆ ಉತ್ತರ ಕೊಡುತ್ತಾರೆ.

ಶುಕ್ರವಾರ ಆಯುಧಪೂಜೆ. ಕರೆಂಟು ಇನ್ನೂ ಬಂದಿರಲಿಲ್ಲ. ಪೂರ್ವ ಕರಾವಳಿಯಿಂದ ವಾಪಸಾದ ಎದುರು ಮನೆಯಾತ ಯಾರೂ ಕರೆಯದೆ ಗರಗಸದ ಯಂತ್ರ ಹಿಡಿದು ಓಕ್ ಕತ್ತರಿಸಲು ಬಂದ. ಅತ್ತೆ ಅವನನ್ನು ಕೈಸನ್ನೆಯಲ್ಲೇ ನಿಲ್ಲಿಸಿ, ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಸಿಗದ್ದಕ್ಕೆ ಒಂದು ನಿಂಬೆಹಣ್ಣು ಹೆಚ್ಚಿ ಇಟ್ಟರು. ಆತ ಟೋಪಿ ತೆಗೆದು ನಿಂತಿದ್ದ. ಆಮೇಲೆ ಹಾಗಲಕಾಯಿ ಗೊಜ್ಜನ್ನೂ ತಿಂದ. ಮುಖ ಕಿವುಚಲಿಲ್ಲ, ಎರಡನೇ ಸಲ ಕೇಳಲೂ ಇಲ್ಲ.

ಸಂಜೆ ಹುಬ್ಬಳ್ಳಿಯವರು ಮನೆ ನೋಡಿಬರಲು ಹೋದವರು ಫೋನ್ ಮಾಡಿದರು. ಮನೆಯೊಳಗೆ ಸಮುದ್ರ ಬಂದಿಲ್ಲ. ಬೀದಿದೀಪದ ಕಂಬ ಮುರಿದಿದೆ, ಪಕ್ಕದವರ ಹೆಂಚು ಹಾರಿವೆ.

"ರಾಶಿ?" ಎಂದು ಇವರು ಕೇಳಿದರು.

"ಇಟ್ಟಲ್ಲೇ ಐತ್ರಿ. ಹಾರ್ಮೋನಿಯಂ ಸುದ್ದಾ ಮ್ಯಾಲೇ ಕುಂತೈತಿ."