ಗುಲಾಬಿಯಾಗಿಯೇ ಉಳಿದ ಕೊಳವೆಗಳು

ಎರಡು ದಿನದಲ್ಲಿ ನಾಲ್ಕು ಹಂದಿ ಸತ್ತಿದ್ದವು. ಐದನೆಯದು ಗೋಡೆಗೆ ಒರಗಿ ಮಲಗಿತ್ತು. ಕಿವಿಯಂಚು ನೇರಳೆಗಟ್ಟಿತ್ತು, ಥರ್ಮಾಮೀಟರ್ 41.5 ಡಿಗ್ರಿ ತೋರಿಸಿತು. ಆಫ್ರಿಕನ್ ಹಂದಿ ಜ್ವರವೋ ಕ್ಲಾಸಿಕಲ್ ಹಂದಿ ಜ್ವರವೋ, ಬರೀ ಕಣ್ಣಲ್ಲಿ ನೋಡಿ ಹೇಳುವಂತಿಲ್ಲ. ಎರಡನೆಯದಕ್ಕೆ ಬಹಳ ಹಿಂದಿನಿಂದ ಲಸಿಕೆ ಇದೆ. ಮೊದಲನೆಯದಾದರೆ ದೊಡ್ಡಿಯೇ ಖಾಲಿ.

ಮಲಗಿದ್ದದ್ದೂ ಸೇರಿ, ಬದುಕಿದ್ದ ಐದು ಹಂದಿಗಳ ರಕ್ತ ತೆಗೆದು, ಅದರಿಂದ ಡಿಎನ್‌ಎ ಬೇರ್ಪಡಿಸಿ, ಪುಟ್ಟ ಕೊಳವೆಗಳಿಗೆ ಹಾಕಿದೆ. ಜೊತೆಗೆ ಪರೀಕ್ಷೆ ಸರಿಯಿದೆಯೇ ಎಂದು ತಿಳಿಯಲು ಎರಡು ಸಾಕ್ಷಿ ಕೊಳವೆ: ಒಂದರಲ್ಲಿ ಆಫ್ರಿಕನ್ ಹಂದಿ ಜ್ವರದ ವೈರಸ್ಸಿನ ಡಿಎನ್‌ಎ, ಇನ್ನೊಂದರಲ್ಲಿ ಬರೀ ನೀರು. ಲ್ಯಾಂಪ್ ಎಂಬ ಈ ವಿಧಾನ 2000ದಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ಪ್ರಯೋಗಾಲಯದ ಪಿಸಿಆರ್ ಪರೀಕ್ಷೆಯ ಹಾಗೆ ಬಿಸಿ ಏರಿಸಿ ಇಳಿಸುವ ಯಂತ್ರ ಬೇಡ. 65 ಡಿಗ್ರಿಯಲ್ಲಿ ಅಲುಗದೆ ಇಟ್ಟರೆ ಸಾಕು. ಹುಡುಕುತ್ತಿರುವ ಡಿಎನ್‌ಎ ಇದ್ದರೆ ಅದು ಒಂದಕ್ಕೆ ಲಕ್ಷಗಟ್ಟಲೆ ಪ್ರತಿಯಾಗುತ್ತದೆ. ಎಳೆಗೆ ಹೊಸ ಕೊಂಡಿ ಸೇರಿದಾಗಲೆಲ್ಲ ಒಂದು ಹೈಡ್ರೋಜನ್ ಅಯಾನು ಬಿಡುಗಡೆಯಾಗಿ ದ್ರವ ಹುಳಿಯಾಗುತ್ತ ಹೋಗುತ್ತದೆ, ಅದರಲ್ಲಿರುವ ಫೀನಾಲ್ ರೆಡ್ ಎಂಬ ಬಣ್ಣದ ವಸ್ತು ಗುಲಾಬಿಯಿಂದ ಹಳದಿಗೆ ತಿರುಗುತ್ತದೆ. ಹಳದಿ ಎಂದರೆ ಸೋಂಕು.

ದೊಡ್ಡಿಯ ಯಜಮಾನರು ನನ್ನ ಹೆಗಲ ಮೇಲಿಂದಲೇ ಇಣುಕುತ್ತಿದ್ದರು. ನಲವತ್ತು ನಿಮಿಷಕ್ಕೆ ವೈರಸ್ಸಿನ ಸಾಕ್ಷಿ ಕೊಳವೆ ಹಳದಿಯಾಯಿತು, ನೀರಿನದ್ದು ಗುಲಾಬಿಯಾಗಿಯೇ ಉಳಿಯಿತು. ಐದು ಹಂದಿಗಳದ್ದೂ ಗುಲಾಬಿ.

“ಏನೂ ಇಲ್ಲ ಅಲ್ವಾ ಡಾಕ್ಟ್ರೇ?”

ನಾನು ಇನ್ನೂ ಬಾಯಿಬಿಟ್ಟಿರಲಿಲ್ಲ. ಅಷ್ಟರಲ್ಲಿ ಅವರು ಮನೆಗೆ ಫೋನ್ ಮಾಡಿ ಹೇಳಿಯೂ ಆಗಿತ್ತು. ಬಣ್ಣ ನೋಡಿ ತಿಳಿಯುವ ಪರೀಕ್ಷೆಯ ಪೇಚೇ ಇದು. ಪಿಸಿಆರ್ ಗ್ರಾಫನ್ನು ನನಗೆ ಮಾತ್ರ ಓದಲು ಬರುತ್ತದೆ. ಬಣ್ಣವನ್ನು ಯಾರು ಬೇಕಾದರೂ ಓದುತ್ತಾರೆ.

ಆದರೆ ಎದುರಿಗೆ ಮಲಗಿದ್ದ ಹಂದಿ ಬೇರೆಯೇ ಹೇಳುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ನನಗೆ ಅವತ್ತು ಹಳದಿ ಕಾಣದಿರುವುದೇ ಚಿಂತೆಯಾಯಿತು. ಸಾಮಾನು ಕಟ್ಟುವಾಗ ಕೈಗೆ ಬಂದ ಬಾಟಲಿಯ ಚೀಟಿ ಓದಿದೆ: ಟ್ರಿಸ್ ಬಫರ್.

ಪಿಸಿಆರ್‌ಗೆ ರೂಢಿಯಾದ ಕೈ, ಡಿಎನ್‌ಎಯನ್ನು ಕೊನೆಯಲ್ಲಿ ನೀರಿಗಿಳಿಸುವ ಬದಲು, ಹುಳಿ ಏರದಂತೆ ತಡೆಯುವ ಈ ಬಫರಿಗಿಳಿಸಿತ್ತು. ಪಿಸಿಆರ್‌ಗೆ ಅದರಿಂದ ತೊಂದರೆಯೇನಿಲ್ಲ. ಇಲ್ಲಿ ಮಾತ್ರ ಹುಟ್ಟಿದ ಹುಳಿಯನ್ನೆಲ್ಲ ಬಫರ್ ನುಂಗಿಬಿಟ್ಟರೆ ಬಣ್ಣ ಬದಲಾಗುವುದು ಹೇಗೆ? ಸಾಕ್ಷಿ ಕೊಳವೆಗಳಿಗೆ ನೀರನ್ನೇ ಬಳಸಿದ್ದರಿಂದ ಅವು ಸರಿಯಾಗಿಯೇ ನಡೆದುಕೊಂಡಿದ್ದವು, ನನ್ನನ್ನು ನಂಬಿಸುವಷ್ಟು ಸರಿಯಾಗಿ.

ಅನುಮಾನ ತೀರಿಸಿಕೊಳ್ಳಲು ಹೊಸದೊಂದು ಕೊಳವೆಯಲ್ಲಿ ಉಳಿದಿದ್ದ ಮಾದರಿಗೆ ವೈರಸ್ಸಿನ ಡಿಎನ್‌ಎ ಬೆರೆಸಿ ಕಾಯಿಸಿದೆ. ನಲವತ್ತು ನಿಮಿಷವಾದರೂ ಗುಲಾಬಿ. ಅಲ್ಲಿಗೆ, ಬೆಳಗಿನಿಂದ ಮೂಕ ಪರೀಕ್ಷೆಯೊಂದನ್ನು ಮುಂದಿಟ್ಟುಕೊಂಡು ಕೂತಿದ್ದೆ.

ಯಜಮಾನರಿಗೆ ಹೇಳಿದೆ, “ಸರ್, ನನ್ನಿಂದ ತಪ್ಪಾಗಿದೆ, ಮತ್ತೆ ಮಾಡಬೇಕು.” ಅವರು ಜಗಳ ಮಾಡಿದ್ದರೆ ಚೆನ್ನಾಗಿರುತ್ತಿತ್ತು. ಸುಮ್ಮನೆ ಕುರ್ಚಿ ಎಳೆದುಕೊಂಡು ಕೂತರು.

ಎರಡನೇ ಸಲ ನೀರಿಗೇ ಇಳಿಸಿದೆ. ಇಪ್ಪತ್ತೈದನೇ ನಿಮಿಷಕ್ಕೆ ಮಲಗಿದ್ದ ಹಂದಿಯ ಕೊಳವೆ ಕಿತ್ತಳೆಗೆ ತಿರುಗಿತು. ಕಿತ್ತಳೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಅದನ್ನು ನೋಡುವವರು ತಮಗೆ ಬೇಕಾದ ಕಡೆಗೆ ಎಳೆದುಕೊಳ್ಳುತ್ತಾರೆ. ಅವರೂ ಎಳೆದರು: “ಇನ್ನೂ ಕೆಂಪಾಗೇ ಇದೆಯಲ್ಲ ಡಾಕ್ಟ್ರೇ.” ಮೂವತ್ತೈದಕ್ಕೆ ವಾದಕ್ಕೆ ಎಡೆಯಿರಲಿಲ್ಲ. ಐದರಲ್ಲಿ ಮೂರು ಹಳದಿ.

ಮುಚ್ಚಳ ತೆರೆಯದೆ ಕೊಳವೆಗಳನ್ನು ಎರಡು ಚೀಲದೊಳಗೆ ಸೀಲು ಮಾಡಿದೆ. ತೆರೆದರೆ ಒಳಗಿನ ಅಸಂಖ್ಯ ಪ್ರತಿಗಳು ಗಾಳಿಗೆ ಸೇರಿ ನಾಳಿನ ಪರೀಕ್ಷೆಗಳನ್ನೆಲ್ಲ ಸುಳ್ಳಾಗಿ ಹಳದಿ ಮಾಡಬಹುದು. ರಕ್ತದ ಮಾದರಿ ಐಸ್ ಪೆಟ್ಟಿಗೆಯಲ್ಲಿ ದೃಢೀಕರಣಕ್ಕೆ ಪ್ರಯೋಗಾಲಯಕ್ಕೆ ಹೊರಟಿತು. ಅಲ್ಲಿಂದ ಉತ್ತರ ಬರುವವರೆಗೆ ಒಳಗಿನ ಹಂದಿ ಹೊರಗೆ ಹೋಗಕೂಡದು, ಹೊರಗಿನ ಗಾಡಿ ಒಳಗೆ ಬರಕೂಡದು.

ಬೂಟು ತೊಳೆದುಕೊಳ್ಳುತ್ತಿದ್ದಾಗ ಯಜಮಾನರು ಹತ್ತಿರ ಬಂದರು. “ಗಬ್ಬದ ಹಂದಿಯದ್ದು ಯಾವ ಬಣ್ಣ?”

“ಗುಲಾಬಿ.”

“ಈ ಸಲದ ಗುಲಾಬಿ ತಾನೆ?” ಎಂದು ಕೇಳಿದರು.