ಅಂಚಿನೊಳಗಿನ ಸರಪಳಿ

"ಒಳಗಿರುವುದು ಯಾರ ಕಣ್ಣಿಗೆ ಬೀಳುತ್ತದೆ? ತೆಗೆದುಬಿಡಿ." ಮಂಗಳವಾರ ಅಂಗಡಿಯ ಮೇಜಿನ ಮೇಲೆ ಜಾಕೆಟ್ ಹರವಿ ಆ ಹುಡುಗಿ ಹೇಳಿದ ಮಾತು ಇದು. ಶುಕ್ರವಾರವಾದರೂ ನನ್ನ ಕಿವಿ ಬಿಟ್ಟು ಹೋಗಿಲ್ಲ.

ಲಂಡನ್ನಿನ ಈ ಅಂಗಡಿಯಲ್ಲಿ ಹನ್ನೊಂದು ವರ್ಷಗಳಿಂದ ಪ್ಯಾಂಟಿನ ಉದ್ದ ಇಳಿಸುತ್ತ, ಜಿಪ್ ಬದಲಿಸುತ್ತ ಬಂದಿದ್ದೇನೆ. ಪ್ಯಾರಿಸ್ಸಿನ ಹೆಸರಾಂತ ಉಡುಪಿನ ಮನೆ ಶನೆಲ್‌ನ ಅರವತ್ತರ ದಶಕದ ಜಾಕೆಟ್ ಕೈಗೆ ಬಂದದ್ದು ಇದೇ ಮೊದಲು. ಅವಳ ಅಜ್ಜಿಯದಂತೆ. ಕೆನೆಬಣ್ಣದ ಉಣ್ಣೆ, ಕಡುನೀಲಿ ಅಂಚುಪಟ್ಟಿ, ನಾಲ್ಕು ಜೇಬು. ಒಳಗೆ, ಕೆಳ ಅಂಚಿನ ಉದ್ದಕ್ಕೂ, ಚಿನ್ನದ ಬಣ್ಣದ ಸಣ್ಣ ಸರಪಳಿ. ಸೈಕಲ್ ಹತ್ತಿದಾಗ ಅದು ತಣ್ಣಗೆ ಸೊಂಟಕ್ಕೆ ತಾಗುತ್ತದೆ, ಬಿಚ್ಚಿ ಕೊಟ್ಟರೆ ಕೈಗೆ ಕಟ್ಟಿಕೊಳ್ಳುತ್ತೇನೆ ಎಂದಳು. ಕೆಟ್ಟವಳಲ್ಲ. ಅಜ್ಜಿಯ ಬಟ್ಟೆಯನ್ನು ಮಾರದೆ ತಾನೇ ತೊಡಬೇಕೆನ್ನುವವಳು ಹೇಗೆ ಕೆಟ್ಟವಳಾದಾಳು? ಆತುರದವಳು, ಅಷ್ಟೇ. ನಾನು ಬಾಯಿ ತೆರೆಯುವ ಮೊದಲೇ ಬಾಗಿಲು ದಾಟಿದ್ದಳು.

ಈ ಜಾಕೆಟ್ಟಿಗೆ ಮೈ ಬಿಗಿಯುವ ಗಟ್ಟಿ ಕ್ಯಾನ್ವಾಸ್ ಇಲ್ಲ. ಸಡಿಲ ನೇಯ್ಗೆಯ ಉಣ್ಣೆಗೆ ರೇಷ್ಮೆ ಲೈನಿಂಗನ್ನು ಸಾಲುಸಾಲಾಗಿ ಹೊಲಿದು ಕೂಡಿಸಿದ್ದಾರೆ. ಹೊರಗಿನಿಂದ ನೋಡಿದರೆ ಆ ಹೊಲಿಗೆಗಳು ನೇಯ್ಗೆಯಲ್ಲಿ ಮುಳುಗಿ ಮಾಯವಾಗುತ್ತವೆ. ತೋಳು ಕೂಡುವ ಕಂಕುಳ ಸುತ್ತಿನ ಕತ್ತರಿಕೆ ಎತ್ತರದಲ್ಲಿದೆ, ಕೈಯೆತ್ತಿದರೆ ಇಡೀ ಜಾಕೆಟ್ ಜೊತೆಗೆ ಮೇಲೇಳುವುದಿಲ್ಲ. ಇಷ್ಟು ಹಗುರವಾದ ಬಟ್ಟೆ ನೆಟ್ಟಗೆ ಇಳಿಬೀಳಬೇಕಾದರೆ ಅಂಚಿಗೆ ಭಾರ ಬೇಕು. ಆ ಭಾರವೇ ಸರಪಳಿ. ದಾವಣಗೆರೆಯಲ್ಲಿ ಅಮ್ಮ ಊರಿನವರ ಸೀರೆಗಳಿಗೆ ಫಾಲ್ ಹಾಕುತ್ತಿದ್ದಳು. ಒಂದು ಎಳೆಯನ್ನು ಮಾತ್ರ ಸೂಜಿಯಲ್ಲಿ ಎತ್ತಿ, ಹೊಲಿಗೆ ಮೇಲೆ ಕಂಡರೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಯಾರ ಕಣ್ಣಿಗೂ ಬೀಳದಿರುವುದೇ ಅವಳ ಕೆಲಸದ ಅಳತೆಯಾಗಿತ್ತು.

ಆ ಮನೆಯನ್ನು ಕಟ್ಟಿದ ಗೇಬ್ರಿಯೆಲ್ ಶನೆಲ್ ಬಗ್ಗೆ ನನಗೆ ಎರಡು ಮನಸ್ಸು. 1939ರಲ್ಲಿ ಯುದ್ಧ ಶುರುವಾದಾಗ ಉಡುಪಿನ ಮನೆಗೆ ಬೀಗ ಹಾಕಿದವಳು 1954ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಮತ್ತೆ ತೆರೆದಳು. ಹೆಂಗಸರ ಸೊಂಟವನ್ನು ಹಿಂಡುವ ಉಡುಪುಗಳ ಕಾಲವದು. ಪ್ಯಾರಿಸ್ಸಿನ ಪತ್ರಿಕೆಗಳು ಇವಳದು ಹಳೆಯದೆಂದು ಹೀಗಳೆದವು, ಅಮೆರಿಕದ ಹೆಂಗಸರು ಮೆಚ್ಚಿ ಕೊಂಡರು. ಆ ಛಲಕ್ಕೆ ತಲೆಬಾಗುತ್ತೇನೆ. ಆದರೆ ಜರ್ಮನ್ನರು ಪ್ಯಾರಿಸ್ಸನ್ನು ಹಿಡಿದಿದ್ದ ವರ್ಷಗಳಲ್ಲಿ ರಿಟ್ಜ್ ಹೋಟೆಲಿನಲ್ಲಿದ್ದುಕೊಂಡು ಜರ್ಮನ್ ಅಧಿಕಾರಿಯೊಡನೆ ಸಂಬಂಧ ಬೆಳೆಸಿದವಳೂ ಅವಳೇ. 1936ರ ಜೂನ್‌ನಲ್ಲಿ ಅವಳ ಹೊಲಿಗೆಯ ಹೆಂಗಸರು ಮುಷ್ಕರ ಹೂಡಿ ಕ್ಯಾಂಬೋನ್ ಬೀದಿಯಲ್ಲಿದ್ದ ಅವಳ ಉಡುಪಿನ ಮನೆಯ ಬಾಗಿಲನ್ನು ಅವಳಿಗೇ ಮುಚ್ಚಿದ್ದರು. ಮೂರು ವರ್ಷದ ನಂತರ ಬೀಗ ಬಿದ್ದಾಗ ಕೆಲಸ ಕಳೆದುಕೊಂಡದ್ದು ಅಂಥ ಹೆಂಗಸರೇ. ಜಾಕೆಟ್ಟಿನ ಕತ್ತಿನ ಹಿಂದೆ ಒಂದೇ ಹೆಸರಿದೆ. ಲೈನಿಂಗ್ ಹಿಡಿದ ಬೆರಳುಗಳ ಹೆಸರು ಎಲ್ಲಿಯೂ ಇಲ್ಲ.

ಒಳಗಿರುವುದು ಯಾರ ಕಣ್ಣಿಗೆ ಬೀಳುತ್ತದೆ? ನನ್ನ ಕಣ್ಣಿಗೆ ಬಿತ್ತಲ್ಲ!

ಜಾಕೆಟ್ ಅವಳದು, ಮಾಡುವುದಿಲ್ಲ ಎನ್ನಲು ನಾನು ಯಾರು? ನಿನ್ನೆ ಸಂಜೆ ದೀಪ ಹತ್ತಿರ ಎಳೆದುಕೊಂಡು ಬಲಗಡೆಯಿಂದ ಬಿಚ್ಚತೊಡಗುವ ಮುನ್ನ ಅಂಚನ್ನು ಒಮ್ಮೆ ಪೂರ್ತಿ ಸವರಿ ನೋಡಿದೆ. ಕೊಂಡಿಕೊಂಡಿಗೂ ಒಂದೇ ಅಳತೆಯ ಹೊಲಿಗೆ. ಎಡಗಡೆಯಲ್ಲಿ ಮಾತ್ರ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಹೊಲಿಗೆಗಳು ದೊಡ್ಡವು, ಓರೆಕೋರೆ. ದಾರವೂ ಬೇರೆ, ಸ್ವಲ್ಪ ಹಳದಿ. ಯಾವಾಗಲೋ ಸರಪಳಿ ಅಲ್ಲಿ ಕಿತ್ತುಬಂದಿದೆ. ಕಸುಬು ಗೊತ್ತಿಲ್ಲದ ಕೈಯೊಂದು ಅದನ್ನು ಮತ್ತೆ ಹಿಡಿದು ಹೊಲಿದಿದೆ.

ಕತ್ತರಿ ಕೆಳಗಿಟ್ಟು ಹುಡುಗಿಗೆ ಫೋನ್ ಮಾಡಿದೆ. "ನಿಮ್ಮ ಅಜ್ಜಿಗೆ ಹೊಲಿಗೆ ಬರುತ್ತಿತ್ತೇ?"

"ಇಲ್ಲವಲ್ಲ," ಎಂದಳು. ಆಮೇಲೆ ಸುಮ್ಮನಾದಳು. "ಯಾಕೆ?"

ನಾಳೆ ಹನ್ನೊಂದಕ್ಕೆ ಬರುತ್ತಾಳೆ. ಜಾಕೆಟ್ಟನ್ನು ಒಳಮಗ್ಗುಲು ಮೇಲಾಗಿ, ಎಡ ಅಂಚು ಬಾಗಿಲ ಕಡೆಗೆ ಬರುವಂತೆ ಮೇಜಿನ ಮೇಲೆ ಹಾಸಿ ಬಂದಿದ್ದೇನೆ.